ಮೂರು ಮೊಟ್ಟೆಗಳಿಗಾಗಿ ಒಂದು ಚಳಿಗಾಲ

ಅಪರೂಪದ ಹಕ್ಕಿಯನ್ನು ಅರಸಿ ಹೋದವರ ಬರಹಗಳಿಗೆ ಒಂದು ಸಿದ್ಧ ಜಾಡು ಇದೆ. ನಸುಕಿನಲ್ಲಿ ಎದ್ದು ಹೊರಡುವುದು, ಮೈ ಕೊರೆಯುವ ಚಳಿ, ತಾಸುಗಟ್ಟಲೆ ಕಾಯುವುದು, ಇನ್ನೇನು ಹಿಂದಿರುಗಬೇಕು ಎನ್ನುವಾಗ ಹಕ್ಕಿ ಬಂದು ಕಣ್ಣೆದುರು ಕೂರುವುದು. ಪಟ್ಟ ಕಷ್ಟಕ್ಕೆ ತಕ್ಕ ಫಲ ಸಿಕ್ಕಿತು ಎಂಬ ತೃಪ್ತಿಯಲ್ಲಿ ಬರಹ ಮುಗಿಯುತ್ತದೆ. ಇಂಗ್ಲಿಷಿನ ಪ್ರವಾಸ ಸಾಹಿತ್ಯದಲ್ಲಿ ಈ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿದ ಪುಸ್ತಕವೊಂದಿದೆ. ಅದು ಆಪ್ಸ್ಲಿ ಚೆರ್ರಿ-ಗರಾರ್ಡ್ 1922ರಲ್ಲಿ ಪ್ರಕಟಿಸಿದ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’. ಇದನ್ನು ಸಾಮಾನ್ಯವಾಗಿ ಸಾಹಸ ಕಥನವೆಂದು ಓದುತ್ತಾರೆ, ಕ್ಯಾಪ್ಟನ್ ಸ್ಕಾಟ್‌ನ ದುರಂತದ ದಾಖಲೆಯೆಂದು ಕಪಾಟಿನಲ್ಲಿಡುತ್ತಾರೆ. ಆದರೆ ಅದರ ಹೃದಯಭಾಗದಲ್ಲಿರುವ ಅಧ್ಯಾಯ ಮೂವರು ಹಕ್ಕಿಯ ಮೊಟ್ಟೆ ಹುಡುಕಲು ಹೋದ ಕಥೆ. ಆ ಅಧ್ಯಾಯ ಎತ್ತುವ ಪ್ರಶ್ನೆ ಸಾಹಸಕ್ಕೆ ಸಂಬಂಧಿಸಿದ್ದಲ್ಲ. ಅರಿವಿಗಾಗಿ ಮನುಷ್ಯ ಎಷ್ಟು ಬೆಲೆ ತೆರಬಹುದು, ಮತ್ತು ತೆತ್ತ ಮೇಲೆ ಆ ಅರಿವು ಸಿಗದೇಹೋದರೆ ಆ ಬೆಲೆಯನ್ನು ಏನೆಂದು ಕರೆಯಬೇಕು ಎಂಬುದು ಅದರ ಪ್ರಶ್ನೆ.

ಮೊದಲು ಸಂಗತಿ. ಸ್ಕಾಟ್‌ನ ಟೆರ್ರಾ ನೋವಾ ತಂಡ ಅಂಟಾರ್ಕ್ಟಿಕಾದ ರಾಸ್ ದ್ವೀಪದ ಕೇಪ್ ಎವಾನ್ಸ್‌ನಲ್ಲಿ ಬಿಡಾರ ಹೂಡಿತ್ತು. 1911ರ ಜೂನ್ 27ರಂದು ಅಲ್ಲಿಂದ ಮೂವರು ಹೊರಟರು. ವೈದ್ಯ, ಪಕ್ಷಿತಜ್ಞ, ಚಿತ್ರಕಾರ ಎಡ್ವರ್ಡ್ ವಿಲ್ಸನ್ ಅವರಲ್ಲಿ ಹಿರಿಯ. ಎರಡನೆಯವನು ಹೆನ್ರಿ ಬೋವರ್ಸ್, ಕೊಕ್ಕಿನಂಥ ಮೂಗಿನ ದೆಸೆಯಿಂದ ‘ಬರ್ಡಿ’ ಎಂದೇ ಹೆಸರಾಗಿದ್ದವನು. ಮೂರನೆಯವನು 25 ವರ್ಷದ ಚೆರ್ರಿ-ಗರಾರ್ಡ್, ದೂರದೃಷ್ಟಿ ಮಂದವಾಗಿದ್ದ ಶ್ರೀಮಂತ ಮನೆತನದ ಹುಡುಗ. ಅವರ ಗುರಿ ದ್ವೀಪದ ಇನ್ನೊಂದು ತುದಿಯ ಕೇಪ್ ಕ್ರೋಜಿಯರ್‌ನಲ್ಲಿದ್ದ ಎಂಪರರ್ ಪೆಂಗ್ವಿನ್‌ಗಳ ನೆಲೆ. ದೂರ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೆ. ಆದರೆ ದಕ್ಷಿಣ ಧ್ರುವ ಪ್ರದೇಶದಲ್ಲಿ ಜೂನ್ ಎಂದರೆ ಸೂರ್ಯನೇ ಹುಟ್ಟದ ನಡುಚಳಿಗಾಲ. ಆ ದೂರ ಕ್ರಮಿಸಲು 19 ದಿನ ಬೇಕಾದವು.

ಈ ಹುಚ್ಚು ಯಾಕೆ? ಉತ್ತರ ಹಕ್ಕಿಯ ಬದುಕಿನಲ್ಲೇ ಇದೆ. ಎಂಪರರ್ ಪೆಂಗ್ವಿನ್ ಅಂಟಾರ್ಕ್ಟಿಕಾದ ಚಳಿಗಾಲದಲ್ಲೇ ಸಂತಾನ ಬೆಳೆಸುವ ಹಕ್ಕಿ. ಹೆಣ್ಣು ಒಂದೇ ಒಂದು ಮೊಟ್ಟೆಯಿಟ್ಟು ಕಡಲಿಗೆ ಹೋಗುತ್ತದೆ. ಗಂಡು ಅದನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಲ್ಲಿ ಮುಚ್ಚಿ, ಸುಮಾರು ಎರಡು ತಿಂಗಳು ಉಪವಾಸ ನಿಲ್ಲುತ್ತದೆ. 1902ರಲ್ಲಿ ಸ್ಕಾಟ್‌ನ ಮೊದಲ ಯಾತ್ರೆಯ ಕಾಲಕ್ಕೆ ಈ ನೆಲೆ ಕಣ್ಣಿಗೆ ಬಿದ್ದಿತ್ತು. ವಿಲ್ಸನ್ ಆಗಲೂ ತಂಡದಲ್ಲಿದ್ದರು. ಆದರೆ ವಸಂತದ ಹೊತ್ತಿಗೆ ಅಲ್ಲಿಗೆ ಹೋದರೆ ಮರಿಗಳು ಆಗಲೇ ಹೊರಬಂದಿರುತ್ತಿದ್ದವು. ಬೇಕಿದ್ದದ್ದು ಇನ್ನೂ ರೂಪ ತಾಳುತ್ತಿರುವ ಭ್ರೂಣ. ಜೀವಿಯೊಂದರ ಭ್ರೂಣ ಬೆಳೆಯುವಾಗ ಅದರ ವಂಶ ನಡೆದುಬಂದ ಹಾದಿಯನ್ನೆಲ್ಲ ಸಂಕ್ಷೇಪವಾಗಿ ಮರಳಿ ನಡೆಯುತ್ತದೆ ಎಂಬ ಅರ್ನ್‌ಸ್ಟ್ ಹೆಕೆಲ್‌ನ ಸಿದ್ಧಾಂತ ಆಗ ಪ್ರಬಲವಾಗಿತ್ತು. ಪೆಂಗ್ವಿನ್ ಅತ್ಯಂತ ಪ್ರಾಚೀನ ಹಕ್ಕಿಗಳಲ್ಲೊಂದು ಎಂದು ಅಂದಿನವರು ನಂಬಿದ್ದರು. ಈ ಎರಡನ್ನೂ ಕೂಡಿಸಿದರೆ, ಸರೀಸೃಪದ ಹುರುಪೆ ಹಕ್ಕಿಯ ಗರಿಯಾದ ಬಗೆ ಎಂಪರರ್ ಮೊಟ್ಟೆಯೊಳಗೆ ಬರೆದಿರಬೇಕು. ಮೊಟ್ಟೆ ಸಿಕ್ಕರೆ ವಿಕಾಸದ ಪುಸ್ತಕದ ಹರಿದುಹೋದ ಹಾಳೆಯೊಂದು ಸಿಕ್ಕಂತೆ.

ಪ್ರಯಾಣದ ಭಾಗದಲ್ಲಿ ಚೆರ್ರಿ-ಗರಾರ್ಡ್‌ನ ಗದ್ಯ ಗಮನಿಸಬೇಕಾದದ್ದು. ತಾಪಮಾನ ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ದಿನಗಳನ್ನು ಆತ ವಿಶೇಷಣಗಳಿಂದ ಕಟ್ಟಿಕೊಡುವುದಿಲ್ಲ. ಡೇರೆಯಿಂದ ಹೊರಬಂದು ತಲೆಯೆತ್ತಿ ಸುತ್ತ ನೋಡುವಷ್ಟರಲ್ಲಿ ಮೈಮೇಲಿನ ಬಟ್ಟೆ ಹಾಗೆಯೇ ಸೆಟೆದು ಗಟ್ಟಿಯಾಗಿ, ತಾಸುಗಟ್ಟಲೆ ಅದೇ ಭಂಗಿಯಲ್ಲಿ ಬಂಡಿ ಎಳೆಯಬೇಕಾಯಿತು ಎನ್ನುತ್ತಾನೆ. ಹಲ್ಲು ಕಟಕಟಿಸಿ ಒಡೆದವು ಎನ್ನುತ್ತಾನೆ. ಮಲಗುವ ಚೀಲ ಬೆವರಿನ ಮಂಜುಗಡ್ಡೆಯಿಂದ ಹಲಗೆಯಂತಾಗಿ, ಅದರೊಳಗೆ ಇಷ್ಟಿಷ್ಟೇ ದೇಹ ತೂರಿಸುವುದು ದಿನದ ಅತಿ ಕಷ್ಟದ ಕೆಲಸವಾಗುತ್ತದೆ. ಸುಮಾರು 340 ಕಿಲೋ ಸಾಮಾನನ್ನು ಒಟ್ಟಿಗೆ ಎಳೆಯಲಾಗದೆ ಒಂದು ಬಂಡಿಯನ್ನು ಮುಂದೆ ಬಿಟ್ಟು, ತಿರುಗಿ ಬಂದು, ಇನ್ನೊಂದನ್ನು ಎಳೆಯುತ್ತಾರೆ. ಅಂದರೆ ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡೆಯಬೇಕು. ಹೀಗೆ ವಿವರಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುವ ಬರವಣಿಗೆ ಇದು. ಈ ಘೋರದ ನಡುವೆ ಮೂವರೂ ತಮ್ಮ ಮೇಲೆಯೇ ಆಹಾರದ ಪ್ರಯೋಗ ನಡೆಸುತ್ತಿದ್ದರು. ಬಿಸ್ಕತ್ತು, ಪೆಮ್ಮಿಕನ್ ಎಂಬ ಒಣಮಾಂಸ, ಬೆಣ್ಣೆ, ಇವುಗಳಲ್ಲಿ ಯಾವುದನ್ನು ಎಷ್ಟು ತಿಂದರೆ ಮೈ ತಾಳುತ್ತದೆ ಎಂಬ ಲೆಕ್ಕ ಅದು. ಸಾಯುವಂಥ ಸ್ಥಿತಿಯಲ್ಲೂ ಲೆಕ್ಕ ಬರೆಯುವ ಈ ಶಿಸ್ತು ಓದುಗನಿಗೆ ಒಮ್ಮೆ ನಗು ತರಿಸುತ್ತದೆ, ಮರುಕ್ಷಣ ಗಂಟಲು ಕಟ್ಟಿಸುತ್ತದೆ.

ಇಷ್ಟು ಪಾಡುಪಟ್ಟ ಮೇಲೆ ಹಕ್ಕಿಯ ದರ್ಶನ ಎಷ್ಟು ಹೊತ್ತು? ನಡುಹಗಲಿನ ಮಂಕು ಬೆಳಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಮಂಜಿನ ಬಿರುಕುಗಳನ್ನು ದಾಟಿ, ಗೋಡೆಗಳ ನಡುವೆ ನುಸುಳಿ ಕೆಳಗಿಳಿದಾಗ ಕಂಡದ್ದು ಸುಮಾರು ನೂರು ಹಕ್ಕಿ. ಐದು ಮೊಟ್ಟೆ ಎತ್ತಿಕೊಂಡರು. ಒಲೆಗೆ ಕೊಬ್ಬು ಬೇಕೆಂದು ಮೂರು ಹಕ್ಕಿಗಳನ್ನು ಕೊಂದರು. ಮರಳುವಾಗ ಚೆರ್ರಿ-ಗರಾರ್ಡ್ ಜಾರಿ ಬಿದ್ದು ಅವನ ಕೈಗವಸಿನಲ್ಲಿದ್ದ ಎರಡು ಮೊಟ್ಟೆ ಒಡೆದವು. ಉಳಿದವು ಮೂರು.

ಈ ಪುಟಗಳಲ್ಲಿ ಒಂದು ಸಣ್ಣ ವಿವರವಿದೆ. ಕೆಲವು ಹಕ್ಕಿಗಳು ಮೊಟ್ಟೆಯಾಕಾರದ ಮಂಜಿನ ಗಡ್ಡೆಯನ್ನು ಪಾದದ ಮೇಲಿಟ್ಟುಕೊಂಡು ಕಾವು ಕೊಡುತ್ತಿದ್ದವು. ಮೊಟ್ಟೆ ಕಳೆದುಕೊಂಡ ಅಥವಾ ಮೊಟ್ಟೆಯೇ ಸಿಗದ ಹಕ್ಕಿಯ ತಾಯ್ತನ, ಗಂಡು ಕಾವು ಕೊಡುವುದರಿಂದ ತಂದೆತನ ಎನ್ನೋಣ, ಯಾವುದಾದರೊಂದು ದುಂಡನೆಯ ವಸ್ತುವನ್ನು ಅಪ್ಪಿಕೊಳ್ಳದೆ ಇರಲಾರದು. ನನ್ನ ಓದಿನಲ್ಲಿ ಇಡೀ ಪುಸ್ತಕದ ಕೇಂದ್ರ ಚಿತ್ರ ಇದೇ. ಮರಿಯಾಗಲಾರದ ಮಂಜುಗಡ್ಡೆಗೆ ಕಾವು ಕೊಡುವ ಹಕ್ಕಿ ಮತ್ತು ಅದರ ಮುಂದೆ ಜೀವ ಕೈಯಲ್ಲಿ ಹಿಡಿದು ನಿಂತ ಮೂವರು ಮನುಷ್ಯರು. ಮುಂದೆ ನಡೆದದ್ದನ್ನು ತಿಳಿದು ಹಿಂತಿರುಗಿ ಓದಿದಾಗ ಈ ಇಬ್ಬರ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತಾ ಬರುತ್ತದೆ.

ಮೊಟ್ಟೆ ಸಿಕ್ಕ ಮೇಲೆ ಬಿರುಗಾಳಿ. ಡೇರೆ ಹಾರಿಹೋಗುತ್ತದೆ. ವಿಲ್ಸನ್‌ನ 39ನೆಯ ಹುಟ್ಟುಹಬ್ಬದಂದು ಕಲ್ಲಿನ ಗುಡಿಸಲ ಚಾವಣಿಯೂ ಚಿಂದಿಯಾಗುತ್ತದೆ. ಡೇರೆಯಿಲ್ಲದೆ ಹಿಂದಿರುಗುವುದು ಅಸಾಧ್ಯ. ಹಿಮದಡಿ ಮಲಗಿ ಸ್ತೋತ್ರ ಹಾಡುತ್ತಾ ಸಾವನ್ನು ಕಾಯುತ್ತಾರೆ. ಗಾಳಿ ನಿಂತಾಗ ಡೇರೆ ಇಳಿಜಾರಿನ ಬುಡದಲ್ಲಿ ಬಿದ್ದಿರುವುದು ಸಿಗುತ್ತದೆ. ಆಗಸ್ಟ್ 1ರಂದು ಮೂವರೂ ಬಿಡಾರ ತಲುಪುತ್ತಾರೆ.

ಈ ಭಾಗದಲ್ಲೇ ಪುಸ್ತಕದ ಒಂದು ಮಿತಿಯೂ ಕಾಣುತ್ತದೆ. ವಿಲ್ಸನ್ ಮತ್ತು ಬೋವರ್ಸ್ ಇಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಸಂತರು. ಅವರಿಗೆ ಸಿಟ್ಟು ಬರುವುದಿಲ್ಲ, ಬಾಯಲ್ಲಿ ಒರಟು ಮಾತಿಲ್ಲ, ದಯವಿಟ್ಟು ಮತ್ತು ಧನ್ಯವಾದಗಳನ್ನು ಅವರು ಮರೆಯುವುದಿಲ್ಲ. ಸಹಯಾತ್ರಿಗಳ ಬಗ್ಗೆ ಇಷ್ಟು ನಿಷ್ಕಳಂಕವಾಗಿ ಬರೆದದ್ದನ್ನು ಓದುಗ ಅನುಮಾನಿಸಬೇಕು. ಕಾರಣವೂ ಸ್ಪಷ್ಟವಿದೆ. ಬರೆಯುವ ಹೊತ್ತಿಗೆ ಇಬ್ಬರೂ ಇರಲಿಲ್ಲ. ಈ ಪ್ರಯಾಣದ ಮರುವರ್ಷ ಸ್ಕಾಟ್ ಜೊತೆ ದಕ್ಷಿಣ ಧ್ರುವ ತಲುಪಿ, 1912ರ ಮಾರ್ಚ್‌ನಲ್ಲಿ ಹಿಂದಿರುಗುವ ದಾರಿಯ ಡೇರೆಯಲ್ಲೇ ಸತ್ತರು. ಆಹಾರದ ದಾಸ್ತಾನು ಅಲ್ಲಿಂದ ಕೇವಲ 11 ಮೈಲಿ ದೂರದಲ್ಲಿತ್ತು. ಅದೇ ಮಾರ್ಚ್‌ನಲ್ಲಿ ಆ ದಾಸ್ತಾನಿನ ಬಳಿ ಕೆಲದಿನ ಕಾದು, ಮುಂದಕ್ಕೆ ಹೋಗದೆ ಹಿಂದಿರುಗಿದವನು ಈ ಚೆರ್ರಿ-ಗರಾರ್ಡ್. ನವೆಂಬರಿನಲ್ಲಿ ಶವಗಳನ್ನು ಕಂಡ ತಂಡದಲ್ಲೂ ಆತನಿದ್ದ. ಇನ್ನೊಂದಿಷ್ಟು ಮುಂದೆ ಹೋಗಿದ್ದರೆ ಎಂಬ ಪ್ರಶ್ನೆ 1959ರಲ್ಲಿ ಸಾಯುವವರೆಗೂ ಆತನನ್ನು ಬಿಡಲಿಲ್ಲ. ಆದ್ದರಿಂದ ಚಳಿಗಾಲದ ಪ್ರಯಾಣದ ಅಧ್ಯಾಯ ಏಕಕಾಲಕ್ಕೆ ವರದಿಯೂ ಹೌದು, ಶ್ರಾದ್ಧವೂ ಹೌದು. ಶ್ರಾದ್ಧದ ದಿನ ಸತ್ತವರ ದೋಷ ಯಾರೂ ಎತ್ತಿ ಆಡುವುದಿಲ್ಲ. ಬೋವರ್ಸ್ ಬರೆದಿಟ್ಟ ಮಾತುಗಳನ್ನು ಅಧ್ಯಾಯದ ನಡುವೆ ಸೇರಿಸಿರುವುದೂ ಇದೇ ಕಾರಣಕ್ಕೆ ಇರಬಹುದು. ಆ ಪುಟಗಳಲ್ಲಾದರೂ ಆತ ತಾನೇ ಮಾತಾಡುತ್ತಾನೆ.

ಇಡೀ ಶೋಕದ ನಡುವೆ ಲೇಖಕ ಕಹಿಯನ್ನು ಬಿಚ್ಚುವ ಜಾಗವೊಂದಿದೆ. 1913ರಲ್ಲಿ ಆತ ಮೂರು ಮೊಟ್ಟೆಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಒಪ್ಪಿಸಲು ಹೋಗುತ್ತಾನೆ. ಗದ್ಯ ಇಲ್ಲಿ ಥಟ್ಟನೆ ಪ್ರಹಸನವಾಗುತ್ತದೆ. ಪಾತ್ರಗಳಿಗೆ ಹೆಸರಿಲ್ಲ, ಹುದ್ದೆ ಮಾತ್ರ. ಅಧಿಕಾರಿ ಸಿಡುಕುತ್ತಾನೆ, ಮೊಟ್ಟೆ ತಂದವನು ರಸೀದಿಗಾಗಿ ಓಣಿಯಲ್ಲಿ ಕಾಯುತ್ತಾನೆ. ನಂತರ ಸ್ಕಾಟ್‌ನ ಸೋದರಿಯೊಂದಿಗೆ ಹೋದಾಗ ಅಂಥ ಮೊಟ್ಟೆಗಳೇ ನಮ್ಮಲ್ಲಿಲ್ಲ ಎಂಬ ಉತ್ತರ. ನಡೆದದ್ದು ಅಕ್ಷರಶಃ ಹೀಗೆಯೇ ಇತ್ತೇ ಎಂದು ಕೇಳಬಹುದು. ನಾಟಕದ ರೂಪವೇ ಇದು ಯಥಾವತ್ತು ವರದಿಯಲ್ಲ ಎಂದು ಸೂಚಿಸುತ್ತದೆ. ಆದರೆ ಕಚೇರಿಯ ಮೇಜಿನ ಮುಂದೆ ತನ್ನ ಬದುಕಿನ ಅತಿ ದೊಡ್ಡ ಸಂಗತಿಯನ್ನು ಹಿಡಿದು ನಿಂತವನಿಗೆ ಮೇಜಿನಾಚೆ ಅದು ಬರೀ ಒಂದು ಕಡತ ಎನ್ನುವುದು ಯಾರಿಗೆ ತಿಳಿಯದ ಸತ್ಯ?

ಪುಸ್ತಕದಲ್ಲಿ ಭ್ರೂಣಗಳನ್ನು ಪರೀಕ್ಷಿಸಿದ ಪ್ರೊಫೆಸರ್ ಕೋಸರ್ ಎವಾರ್ಟ್ ಅವರ ವರದಿಯೂ ಇದೆ. ಪ್ರಯಾಣ ವ್ಯರ್ಥವಾಗಲಿಲ್ಲ ಎಂಬ ಆಸೆಗೆ ಅದು ಎಡೆ ಕೊಡುತ್ತದೆ. 1922ರ ಓದುಗ ಅಷ್ಟು ಸಮಾಧಾನದೊಂದಿಗೆ ಪುಟ ಮಗುಚಬಹುದಿತ್ತು. ಆದರೆ 1934ರಲ್ಲಿ ಸಿ. ಡಬ್ಲ್ಯು. ಪಾರ್ಸನ್ಸ್ ಪ್ರಕಟಿಸಿದ ಅಧ್ಯಯನ, ಈ ಭ್ರೂಣಗಳಿಂದ ಪೆಂಗ್ವಿನ್ ಬೆಳವಣಿಗೆಯ ಬಗ್ಗೆ ಹೆಚ್ಚೇನೂ ಹೊಸದು ತಿಳಿಯಲಿಲ್ಲ ಎಂದಿತು. ಅಷ್ಟು ಹೊತ್ತಿಗೆ ಹೆಕೆಲ್‌ನ ಸಿದ್ಧಾಂತದ ಕಾಲವೂ ಕಳೆದಿತ್ತು. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಹೀಗೆ ಪುಸ್ತಕದ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಯಿತು. ನಾವು ಓದುತ್ತಿರುವುದು ಲೇಖಕ ಬರೆದದ್ದಕ್ಕಿಂತ ಕತ್ತಲೆಯ ಪುಸ್ತಕ.

ಕನ್ನಡದ ಓದುಗರಿಗೆ ಇಲ್ಲಿ ತೇಜಸ್ವಿಯವರ ‘ಕರ್ವಾಲೊ’ ನೆನಪಾಗದೆ ಇರದು. 1980ರ ಆ ಕಾದಂಬರಿಯಲ್ಲೂ ವಿಕಾಸದ ಗುಟ್ಟನ್ನು ಹೊತ್ತ ಒಂದು ಜೀವಿಯ ಬೆನ್ನು ಹತ್ತಿ ತಂಡ ಹೊರಡುತ್ತದೆ. ಹಾರುವ ಓತಿ ಕೊನೆಗೆ ಎಲ್ಲರ ಕಣ್ಣೆದುರೇ ಪ್ರಪಾತದ ಶೂನ್ಯಕ್ಕೆ ತೇಲಿಹೋಗುತ್ತದೆ. ಅಲ್ಲಿ ಪ್ರಾಣಿ ಕೈತಪ್ಪುತ್ತದೆ, ಆದರೆ ನೋಡಿದವರ ನೋಟ ಬೆಳೆಯುತ್ತದೆ. ಚೆರ್ರಿ-ಗರಾರ್ಡ್‌ನಲ್ಲಿ ವಸ್ತು ಕೈಗೆ ಸಿಗುತ್ತದೆ, ಅದು ಹೇಳಬೇಕಿದ್ದ ಮಾತು ಸಿಗುವುದಿಲ್ಲ. ತೇಜಸ್ವಿಯವರ ತಂಡದಲ್ಲಿ ವಿಜ್ಞಾನಿಯ ಪಕ್ಕದಲ್ಲಿ ಮಂದಣ್ಣನಿದ್ದಾನೆ, ಕರಿಯಪ್ಪನಿದ್ದಾನೆ. ಶಾಸ್ತ್ರದ ಅರಿವು ಕಾಡಿನ ಅರಿವಿನ ಕೈ ಹಿಡಿದೇ ನಡೆಯಬೇಕು. ಅಂಟಾರ್ಕ್ಟಿಕಾದಲ್ಲಿ ಅಂಥ ಸ್ಥಳೀಯರೇ ಇಲ್ಲ. ಅಲ್ಲಿನ ಮಂದಣ್ಣ ಎಂದರೆ ಆ ಹಕ್ಕಿಯೇ. ಅದರಿಂದ ಮೊಟ್ಟೆ ಕಿತ್ತುಕೊಂಡವರು ಅದು ಆ ಚಳಿಯಲ್ಲಿ ನಿಂತು ಬದುಕುವ ಬಗೆಯನ್ನು ಕೇಳಲು ಪುರಸೊತ್ತಿಲ್ಲದೆ ಹಿಂದಿರುಗಿದರು.

ಹಾಗಾದರೆ ಪ್ರಯಾಣ ವ್ಯರ್ಥವೇ? ಚೆರ್ರಿ-ಗರಾರ್ಡ್‌ನ ಉತ್ತರ ಸ್ಪಷ್ಟ. ಲಾಭ ಕೇಳದೆ ತಿಳಿಯಲು ಹೊರಡುವುದೇ ಆತನಿಗೆ ಮುಖ್ಯ, ಇದೇನು ಪ್ರಯೋಜನ ಎಂದು ಕೇಳುವ ಅಂಗಡಿಕಾರರ ಲೋಕದ ಮೇಲೆ ಆತನಿಗೆ ತಿರಸ್ಕಾರ. ಈ ನಿಲುವನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಸಾವಿರ ಪೌಂಡ್ ವಂತಿಗೆ ಕೊಟ್ಟು ತಂಡ ಸೇರಿದವನಿಗೆ ಅಂಗಡಿಕಾರನನ್ನು ಹಂಗಿಸುವುದು ಸುಲಭ. ಆದರೆ ವಿಜ್ಞಾನ ನಡೆಯುವುದು ಬಹುಮಟ್ಟಿಗೆ ಹೀಗೆಯೇ ಎಂಬುದೂ ನಿಜ. ಗೆದ್ದ ಪ್ರಶ್ನೆಗಳ ಚರಿತ್ರೆ ಪಠ್ಯಪುಸ್ತಕದಲ್ಲಿರುತ್ತದೆ. ಸೋತ ಪ್ರಶ್ನೆಗಳಿಗಾಗಿ ಜೀವ ತೇಯ್ದವರ ಚರಿತ್ರೆಯನ್ನು ಯಾರೋ ಒಬ್ಬ ಬರೆಯಬೇಕಾಗುತ್ತದೆ. ಈ ಪುಸ್ತಕ ಅದನ್ನು ಬರೆದಿದೆ, ಅದೂ ಫಲಿತಾಂಶ ಗೊತ್ತಾಗುವ ಮೊದಲೇ.

ಇಂದು ಎಂಪರರ್ ನೆಲೆಗಳನ್ನು ಹುಡುಕಲು ಯಾರೂ ಕತ್ತಲಲ್ಲಿ ಬಂಡಿ ಎಳೆಯಬೇಕಿಲ್ಲ. ಮಂಜಿನ ಮೇಲಿನ ಹಿಕ್ಕೆಯ ಕಂದು ಕಲೆಯನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಿ ನೆಲೆಗಳನ್ನು ಪತ್ತೆಮಾಡುತ್ತಾರೆ. ಅಂಥ ಚಿತ್ರಗಳೇ 2022ರಲ್ಲಿ ಬೆಲಿಂಗ್ಸ್‌ಹೌಸೆನ್ ಸಮುದ್ರ ಪ್ರದೇಶದ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಮರಿಗಳು ಉಳಿಯಲಿಲ್ಲವೆಂದು ತೋರಿಸಿದವು. ಮರಿಗಳಿಗೆ ಕಡಲಿಗಿಳಿಯುವ ಗರಿ ಬಲಿಯುವ ಮೊದಲೇ ಕಾಲಡಿಯ ಮಂಜು ಒಡೆದುಹೋಗಿತ್ತು. ಗರಿ ಹುಟ್ಟಿದ್ದು ಹೇಗೆ ಎಂದು ಕೇಳಲು ಹೋದವರ ಪುಸ್ತಕವನ್ನು ನಾವು ಗರಿ ಬಲಿಯುವಷ್ಟು ಕಾಲವಾದರೂ ಮಂಜು ಉಳಿದೀತೇ ಎಂಬ ಪ್ರಶ್ನೆಯ ಪಕ್ಕದಲ್ಲಿಟ್ಟು ಓದಬೇಕಾಗಿದೆ.

ಎರಡು ಸಂಪುಟಗಳ ದಪ್ಪ ಪುಸ್ತಕ ಇದು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಲು ಪುರಸೊತ್ತಿಲ್ಲದ ವಿದ್ಯಾರ್ಥಿಗಳು ಏಳನೆಯ ಅಧ್ಯಾಯದಿಂದ ಆರಂಭಿಸಬಹುದು. ಅಲ್ಲಿ ಮಂಜುಗಡ್ಡೆಗೆ ಕಾವು ಕೊಡುವ ಹಕ್ಕಿ ಬಂದಾಗ ಒಂದು ಕ್ಷಣ ನಿಲ್ಲಿ. ಲೇಖಕ ಅದನ್ನು ದಾಟಿ ಬೇಗ ಮುಂದೆ ಹೋಗುತ್ತಾನೆ. ಅವನಿಗೆ ಮೊಟ್ಟೆ ಸಾಗಿಸುವ ಅವಸರವಿತ್ತು, ನಮಗಿಲ್ಲ.