ಮಳೆಯ ರಾತ್ರಿಗೆ ಹಿಮದ ಚಿತ್ರ

ಆರಿದ್ರಾ ಮಳೆ ಹಿಡಿದುಕೊಂಡ ಮೊದಲ ಎರಡು ಮೂರು ರಾತ್ರಿ ಶಿಕಾರಿಪುರ, ಸೊರಬ ಕಡೆಯವರ ವಾಟ್ಸಾಪ್ ಸ್ಟೇಟಸ್‌ಗಳನ್ನು ಒಂದರ ಹಿಂದೊಂದು ನೋಡುತ್ತಾ ಹೋಗಿ. ಕಪ್ಪು ಹಿನ್ನೆಲೆ, ಅದರ ತುಂಬ ಬೆಳ್ಳನೆಯ ಉಂಡೆಗಳು, ಮೂಲೆಯಲ್ಲೊಂದು ಬೀದಿದೀಪ. ಕೆಳಗೆ ‘ನಮ್ಮೂರ ಮಳೆ’ ಎಂದು ಬರೆದಿರದಿದ್ದರೆ ಶಿಮ್ಲಾದಲ್ಲಿ ಹಿಮ ಬೀಳುತ್ತಿದೆ ಎಂದೇ ತಿಳಿಯಬೇಕು. ಇಂಥ ಚಿತ್ರಗಳನ್ನು ನಾನು ಕೆಲವು ವರ್ಷಗಳಿಂದ ಫೋನಿನಲ್ಲಿ ಉಳಿಸಿಕೊಂಡು ಬಂದಿದ್ದೇನೆ. ತೆಗೆದವರ ಸಂಭ್ರಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಚಿತ್ರದ ಬಗ್ಗೆ. ಅದರಲ್ಲಿ ಊರೂ ಇಲ್ಲ, ಮಳೆಯೂ ಇಲ್ಲ.

ಆಗುವುದಿಷ್ಟು. ಕತ್ತಲಲ್ಲಿ ಫೋನಿನ ಫ್ಲಾಶ್ ಒತ್ತಿದಾಗ ಅದರ ಬೆಳಕು ಹೆಚ್ಚು ದೂರ ಹೋಗುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ರಸ್ತೆಯಾಚೆಯ ಅಂಗಡಿಯನ್ನು ಬೆಳಗುವಷ್ಟು ಶಕ್ತಿ ಅದಕ್ಕಿಲ್ಲ. ಲೆನ್ಸಿನ ಮುಂದೆ ಒಂದು ಮೊಳ ದೂರದಲ್ಲಿರುವ ಹನಿಗಳಿಗೆ ತಾಗಿ ವಾಪಸು ಬರುತ್ತದೆ. ಅಷ್ಟು ಹತ್ತಿರದ ಹನಿ ಫೋಕಸ್ಸಿಗೆ ಸಿಗದೆ ಊದಿಕೊಂಡು ಬಿಳಿ ಬಿಲ್ಲೆಯಾಗುತ್ತದೆ. ತೆಗೆದವನ ಮೂಗಿನ ಮುಂದಿನ ಗಾಳಿಯ ಚಿತ್ರವನ್ನು ನಾವು ಊರಿನ ಮಳೆ ಎಂದು ಹಂಚಿಕೊಳ್ಳುತ್ತಿದ್ದೇವೆ.

ಆದರೂ ಅದು ನಮಗೆ ಚೆಂದ ಕಾಣುತ್ತದಲ್ಲ, ಯಾಕೆ? ಕ್ಯಾಲೆಂಡರಿನಲ್ಲಿ, ಸಿನೆಮಾದಲ್ಲಿ, ಈಗ ರೀಲ್ಸಿನಲ್ಲಿ ಹಿಮದ ರಾತ್ರಿಗಳನ್ನು ನೋಡಿ ನೋಡಿ ಕಣ್ಣು ಪಳಗಿಬಿಟ್ಟಿದೆ. ಆ ಪರಂಪರೆಯಲ್ಲಿ ದೊಡ್ಡ ಕೆಲಸಗಳೂ ಇವೆ. ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1893ರ ಫೆಬ್ರವರಿ 22ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ, ಕೈಯಲ್ಲಿ ಹಿಡಿಯುವ ಕ್ಯಾಮೆರಾದೊಂದಿಗೆ ಹಿಮಗಾಳಿಗೆ ಮೈಯೊಡ್ಡಿ ಮೂರು ಗಂಟೆ ಕಾದು ನಿಂತ. ಎದುರಿನಿಂದ ಕುದುರೆಗಾಡಿ ಬಂತು, ಚಿತ್ರ ಸಿಕ್ಕಿತು. ನೆಗೆಟಿವ್ ಮಸುಕಾಗಿದೆ, ಬಿಸಾಡು ಎಂದವರಿದ್ದರು. ಆತ ಬಿಸಾಡಲಿಲ್ಲ, ಸುತ್ತಲಿನದನ್ನು ಕತ್ತರಿಸಿ ಮುದ್ರಿಸಿದ. ಅದು ಹಗಲಿನ ಚಿತ್ರ. 1898ರ ‘ಆನ್ ಐಸಿ ನೈಟ್’ ರಾತ್ರಿಯದು. ಅಲ್ಲಿ ಹಿಮ ಬೀಳುತ್ತಿಲ್ಲ, ಬಿದ್ದು ನೆಲ ಹಿಡಿದಿದೆ. ಬೋಳು ಮರಗಳು, ದೀಪ, ನಡೆದಾಡುವ ದಾರಿ. ನೋಡುತ್ತಿದ್ದರೆ ಕಿವಿ ತಣ್ಣಗಾಗುತ್ತದೆ.

ಸ್ಟೀಗ್ಲಿಟ್ಸ್ ದೊಡ್ಡವನೇ. ಆದರೆ ಅವನಿಗೆ ಹಿಮವೂ ಸಹಾಯ ಮಾಡಿದೆ. ಹಿಮದ ಎಸಳು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ವೇಗದಲ್ಲಿ, ಪುರುಸೊತ್ತಾಗಿ ಇಳಿಯುತ್ತದೆ. ನಮ್ಮ ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರಿನಂತೆ ಬಂದು ಅಪ್ಪಳಿಸುತ್ತದೆ. ಸೆಕೆಂಡಿನ ಅರವತ್ತನೇ ಒಂದು ಪಾಲು ಕ್ಯಾಮೆರಾದ ಕಣ್ಣು ತೆರೆದರೆ, ಅಷ್ಟರಲ್ಲಿ ಹಿಮ ಎರಡು ಸೆಂಟಿಮೀಟರು ಸರಿದಿರುತ್ತದೆ, ಹನಿ ಹದಿನೈದು. ಹಿಮ ಚುಕ್ಕೆಯಾಗಿ ಉಳಿದರೆ ಹನಿ ಗೀಟಾಗಿಬಿಡುತ್ತದೆ. ಆ ಗೀಟೂ ಗಾಜಿನಂತೆ ಪಾರದರ್ಶಕ. ಹಿಂದಿನಿಂದ ಬೆಳಕು ಬಿದ್ದರೆ ಕಾಣಬಹುದು, ಇಲ್ಲವಾದರೆ ಇಲ್ಲ.

ನಮ್ಮ ಕಡೆ ಆಕಾಶದಿಂದ ಬೀಳುವ ಹಿಮವೆಂದರೆ ಬೇಸಿಗೆಯ ಕೊನೆಯ ಆಲಿಕಲ್ಲು ಒಂದೇ. ಅದರ ಫೋಟೋ ತೆಗೆಯುವ ಕ್ರಮ ನನಗೆ ಇಷ್ಟ. ಯಾರೂ ಅದು ಬೀಳುವುದನ್ನು ಹಿಡಿಯಲು ಹೋಗುವುದಿಲ್ಲ. ಆರಿಸಿ ಅಂಗೈಯಲ್ಲೋ ಸ್ಟೀಲ್ ತಟ್ಟೆಯಲ್ಲೋ ಇಟ್ಟು ತೆಗೆಯುತ್ತಾರೆ. ಅಂಗೈ ಇರುವುದರಿಂದ ಗಾತ್ರ ತಿಳಿಯುತ್ತದೆ. ಕರಗುತ್ತಿರುವುದೂ ತಿಳಿಯುತ್ತದೆ.

ಮುಖ್ಯ ವ್ಯತ್ಯಾಸ ಬೇರೆಯೇ ಇದೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲಿ ಎಂಟು ಪಾಲನ್ನಾದರೂ ಹಿಂದಿರುಗಿಸುತ್ತದೆ. ಒಂದು ಬೀದಿದೀಪವಿದ್ದರೆ ಇಡೀ ಬೀದಿ ಬೆಳಗುತ್ತದೆ. ನಮ್ಮಲ್ಲಿ ಒದ್ದೆಯಾದ ಟಾರು ರಸ್ತೆ ಇನ್ನಷ್ಟು ಕಪ್ಪಾಗುತ್ತದೆ. ದೀಪದ ಎದುರಿಗೆ ಬಂದಲ್ಲಿ ಕನ್ನಡಿ, ಉಳಿದಲ್ಲಿ ಬಾವಿ. ಜೊತೆಗೆ ಮಳೆ ಜೋರಾದರೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ನೋಡಬೇಕಾದ ಮಳೆ ಬರುವುದೇ ನೋಡಲು ಬೆಳಕಿಲ್ಲದ ಹೊತ್ತಿನಲ್ಲಿ. ಹಿಮದ ಊರಿನ ಫೋಟೋಗ್ರಾಫರ್‌ಗೆ ಇಲ್ಲದ ಈ ಕಷ್ಟವೇ ನಮ್ಮ ರಾತ್ರಿಮಳೆಯ ಚಿತ್ರದ ವಸ್ತುವಾಗಬೇಕು ಎಂದು ನನಗೆ ಅನ್ನಿಸುತ್ತದೆ. ‘ಮಲೆಗಳಲ್ಲಿ ಮದುಮಗಳು’ ಬರೆದ ಕುವೆಂಪುಗೆ ಇದು ಗೊತ್ತಿತ್ತು. ಆ ಕಾದಂಬರಿಯ ಮಳೆಯನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತುಂಬಿದ ತುಂಗೆಯನ್ನು ದಾಟುವಾಗ ಗುತ್ತಿಯ ನಾಯಿ ಹುಲಿಯ ಕೊಚ್ಚಿಹೋಗುವ ಭಾಗ ನೆನೆದರೆ ಮೊದಲು ಬರುವುದು ನೀರಿನ ಸದ್ದು. ಕ್ಯಾಮೆರಾಕ್ಕೆ ಕಿವಿಯಿಲ್ಲ. ಕತ್ತಲನ್ನಾದರೂ ಅದು ಕತ್ತಲಾಗಿ ಉಳಿಸಬಹುದಿತ್ತು.

ಈಗ ಅದೂ ಇಲ್ಲವಾಗುತ್ತಿದೆ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ ನೈಟ್ ಸೈಟ್ ಎಂಬ ಸೌಲಭ್ಯ ಕೊಟ್ಟಿತು. ಈಗ ಬಹುತೇಕ ಎಲ್ಲ ಫೋನುಗಳಲ್ಲೂ ಅಂಥದ್ದೊಂದು ನೈಟ್ ಮೋಡ್ ಇದೆ. ಅದು ಒಂದೇ ಚಿತ್ರ ತೆಗೆಯುವುದಿಲ್ಲ. ಹಲವನ್ನು ಸಾಲಾಗಿ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಎಲ್ಲದರಲ್ಲೂ ಇದ್ದಲ್ಲೇ ಇರುವ ಗೋಡೆ, ಕಂಬ, ಬೋರ್ಡು ಗಟ್ಟಿಯಾಗುತ್ತವೆ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ್ದು ಗದ್ದಲವೆಂದು ಅಳಿಸಿಹೋಗುತ್ತದೆ. ಮಳೆಹನಿ ಯಾವತ್ತೂ ಎರಡು ಚಿತ್ರಗಳಲ್ಲಿ ಒಂದೇ ಕಡೆ ಇರುವುದಿಲ್ಲ. ಅಂದರೆ ಯಂತ್ರದ ಲೆಕ್ಕದಲ್ಲಿ ಮಳೆಯೇ ಗದ್ದಲ. ನನ್ನ ಸಂಗ್ರಹದಲ್ಲಿ ಶಿಕಾರಿಪುರದ ಪೇಟೆಯ ಅಂಥದ್ದೊಂದು ಚಿತ್ರವಿದೆ. ಬೋರ್ಡಿನ ಅಕ್ಷರಗಳೆಲ್ಲ ಸ್ಪಷ್ಟ, ಆಕಾಶ ನೀಲಿ, ರಸ್ತೆ ಈಗಷ್ಟೇ ತೊಳೆದಂತೆ. ತೆಗೆದವರು ಮಾತ್ರ ಕೊಡೆಯೊಳಗೂ ನೆನೆದಿದ್ದರಂತೆ.

ಇದು ಬರೀ ಸೌಂದರ್ಯದ ಮಾತಲ್ಲ. ರಾತ್ರಿ ಮಳೆಗೆ ಮಣ್ಣಿನ ಗೋಡೆ ಕುಸಿದ ಮನೆಗಳ ಫೋಟೋಗಳನ್ನು ನೋಡಿ. ಬಹುಪಾಲು ಮರುದಿನ ಮಳೆ ಹೊಳವಾದಾಗ ತೆಗೆದವು. ರಾತ್ರಿಯೇ ತೆಗೆದಿದ್ದರೂ ಫೋನು ಮಳೆಯನ್ನು ಒರೆಸಿ, ಕತ್ತಲನ್ನು ಬೆಳ್ಳಗೆ ಮಾಡಿ, ಗೋಡೆ ತಾನಾಗಿ ಬಿತ್ತೇನೋ ಎಂಬಂತೆ ತೋರಿಸುತ್ತದೆ. ಮುಂದೆ ಈ ತಾಲ್ಲೂಕುಗಳ ಮಳೆಗಾಲ ಹೇಗಿತ್ತು ಎಂದು ಹುಡುಕುವವರಿಗೆ ಸಿಗುವುದು ಒಣಗಿದ ಬೀದಿಗಳು, ಇಲ್ಲವೇ ಬಿಳಿ ಉಂಡೆಗಳು. ಅದರಲ್ಲೂ ಈ ಎರಡು ಊರುಗಳ ಮಳೆ ಒಂದೇ ಅಲ್ಲ. ಸೊರಬದ ಮಳೆ ಸಾಗರ, ಸಿದ್ದಾಪುರದ ಕಡೆಯಿಂದ ಬಂದು ದಿನಗಟ್ಟಲೆ ಕೂರುತ್ತದೆ. ಶಿಕಾರಿಪುರ ತಲುಪುವಷ್ಟರಲ್ಲಿ ಮಲೆನಾಡು ಬಯಲಿಗೆ ತಿರುಗಿರುತ್ತದೆ, ಮಳೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ಚಿತ್ರಗಳಲ್ಲಿ ಈ ಭೇದ ಎಲ್ಲಿದೆ? (ಹಗಲಿನ ಕಥೆಯೂ ಅಷ್ಟೇ. ಬಳ್ಳಿಗಾವಿಯ ಕೇದಾರೇಶ್ವರನನ್ನು ಎಲ್ಲರೂ ನೀಲಿ ಆಕಾಶದ ಕೆಳಗೇ ತೆಗೆಯುತ್ತಾರೆ. ನೆನೆದಾಗ ಆ ಕಲ್ಲು ಕಪ್ಪಾಗುವುದನ್ನು ನೋಡಬೇಕಾದರೆ ಖುದ್ದು ಹೋಗಬೇಕು.)

ಸುಳ್ಳು ಮಳೆಯ ಬಗ್ಗೆ ಮಾತಾಡುವಾಗ ಬ್ರಯಾನ್ ಬ್ರೇಕ್‌ನ ಹೆಸರು ಬರುತ್ತದೆ. ನ್ಯೂಜಿಲೆಂಡಿನ ಈತ 1960ರಲ್ಲಿ ಭಾರತದ ಮುಂಗಾರನ್ನು ಚಿತ್ರಿಸಿದ. ‘ಲೈಫ್’ ಪತ್ರಿಕೆ ಮರುವರ್ಷ ಪ್ರಕಟಿಸಿತು. ಅದರಲ್ಲಿ ಕಣ್ಣು ಮುಚ್ಚಿ ಮಳೆಗೆ ಮುಖವೊಡ್ಡಿದ ಹುಡುಗಿ ಮುಂದೆ ನಟಿ, ನಿರ್ದೇಶಕಿಯಾದ ಅಪರ್ಣಾ ಸೇನ್. ಅದು ಕಲ್ಕತ್ತಾದ ತಾರಸಿಯ ಮೇಲೆ ಹೂಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಸುರಿದ ಮಳೆ. ಕ್ಯಾನಿನ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಆ ಚಿತ್ರ ಗೆದ್ದಿದ್ದರಿಂದ ಮುಂಗಾರು ಎಂದರೆ ಪುಳಕಗೊಂಡ ಒಂದು ಮುಖ ಎಂದಾಯಿತು. ನಮ್ಮಲ್ಲಿ 2006ರ ‘ಮುಂಗಾರು ಮಳೆ’ ಆ ಕೆಲಸವನ್ನು ಹಸಿರಿನ ಜೊತೆ ಮುಂದುವರಿಸಿತು. ಜೋಗಕ್ಕೆ ಹೋದವರೆಲ್ಲ ಇವತ್ತಿಗೂ ಆ ಮಳೆಯನ್ನೇ ಹುಡುಕುತ್ತಾರೆ. ಬಸ್ಸಿಗೆ ಕಾಯುವವನ ಮಳೆಗೆ ಅಲ್ಲಿ ಜಾಗವಿಲ್ಲ.

ನನ್ನಲ್ಲಿರುವ ಚಿತ್ರಗಳಲ್ಲಿ ಒಂದನ್ನು ಮಾತ್ರ ಪದೇ ಪದೇ ತೆಗೆದು ನೋಡುತ್ತೇನೆ. ಪರಿಚಯದ ಹುಡುಗನೊಬ್ಬ ಸೊರಬದಲ್ಲಿ ಜುಲೈ ತಿಂಗಳ ರಾತ್ರಿ, ಕರೆಂಟು ಹೋದಾಗ ತೆಗೆದದ್ದು. ಫ್ಲಾಶ್ ಇಲ್ಲ, ನೈಟ್ ಮೋಡ್ ಇಲ್ಲ. ಮುಕ್ಕಾಲು ಪಾಲು ಕಪ್ಪು. ಚಿತ್ರ ಎಡಕ್ಕೆ ವಾಲಿದೆ, ಕೆಳಗಿನ ಭಾಗ ಪೂರಾ ದಂಡ. ಕತ್ತರಿಸಬಾರದಿತ್ತೇ ಎಂದು ಕೇಳಿದರೆ ಅವನಿಗೆ ಹೊಳೆದಿರಲೇ ಇಲ್ಲ. ಆದರೆ ಎದುರಿನಿಂದ ಬರುತ್ತಿರುವ ಬಸ್ಸಿನ ಎರಡು ದೀಪಗಳ ಮುಂದೆ, ಆ ಎರಡು ಬೀಸಣಿಗೆಯಗಲದ ಬೆಳಕಿನಲ್ಲಿ ಮಾತ್ರ, ಮಳೆ ಗೇಣುದ್ದದ ಗೀಟುಗಳಾಗಿ ಓರೆಯಾಗಿ ಇಳಿಯುತ್ತಿದೆ. ಗಾಳಿ ಯಾವ ಕಡೆಯದು ಎಂದು ಹೇಳಬಹುದು. ಅಂಗಡಿಯ ತಗಡಿನ ಕೆಳಗೆ ಐದಾರು ಜನರ ಕಾಲುಗಳಿವೆ, ಮುಖಗಳಿಲ್ಲ. ಕಂಬಳಿ ಕೊಪ್ಪೆ ಹಾಕಿದವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾನೆ. ಬಸ್ಸಿನ ಬೋರ್ಡಿನಲ್ಲಿ ಶಿರಾಳಕೊಪ್ಪ ಎಂಬುದರ ಮೊದಲ ಎರಡಕ್ಷರ ಮಾತ್ರ ಓದಲು ಸಿಗುತ್ತವೆ.