ಮುಪ್ಪಿನ ಸಂಘದಲ್ಲಿ ಮುದುಕರ ಕುರ್ಚಿ

ಅಮೆರಿಕದ ಜೆರೊಂಟಲಾಜಿಕಲ್ ಸೊಸೈಟಿ ಹುಟ್ಟಿದ್ದು 1945ರಲ್ಲಿ. ಮುಪ್ಪನ್ನು ಅಧ್ಯಯನ ಮಾಡುವ ವೈದ್ಯರು, ಜೀವವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರೆಲ್ಲ ಸೇರಿದ ಲಾಭರಹಿತ ವೃತ್ತಿಸಂಘ ಅದು. ಇಂಥ ಕಡೆ ದುಡ್ಡು, ಹೆಸರು ಎರಡೂ ಬಹುಮಟ್ಟಿಗೆ ವೈದ್ಯರ ಪಾಲಾಗುತ್ತವೆ. ಸೊಸೈಟಿ ಅದಕ್ಕೆ ಕಂಡುಕೊಂಡ ಉಪಾಯ ಒಳ್ಳೆಯದೇ. ಜೀವವಿಜ್ಞಾನ, ಆರೋಗ್ಯ, ನಡವಳಿಕೆ ಮತ್ತು ಸಮಾಜವಿಜ್ಞಾನ, ಸಾಮಾಜಿಕ ನೀತಿ ಎಂದು ಶಾಖೆಗಳನ್ನು ಮಾಡಿ, ಆಯಾ ಶಾಖೆಗೆ ಅದರದೇ ಪದಾಧಿಕಾರಿಗಳನ್ನು ಕೊಟ್ಟಿತು. ಇಲಿಯ ಆಯಸ್ಸು ಅಳೆಯುವವರು ಪಿಂಚಣಿಯ ಲೆಕ್ಕ ನೋಡುವವರ ಬಾಯಿ ಮುಚ್ಚಿಸುವುದು ಇಲ್ಲಿ ಸುಲಭವಲ್ಲ. ಈಗಷ್ಟೇ ವೃತ್ತಿಗೆ ಕಾಲಿಟ್ಟವರಿಗೂ ಪ್ರತ್ಯೇಕ ವೇದಿಕೆಯಿದೆ.

ಹಾಗಾದರೆ ಮುದುಕರಿಗೆ? ಈ ವಿಂಗಡಣೆಯಲ್ಲಿ ಒಳಬರುವ ದಾರಿ ವಿದ್ಯೆ ಮತ್ತು ವೃತ್ತಿ. ವಯಸ್ಸಾಗಿದೆ ಎಂಬುದು ಅರ್ಹತೆಯಲ್ಲ. ನಿವೃತ್ತ ಪ್ರಾಧ್ಯಾಪಕರು ಇದ್ದಾರಲ್ಲ ಎನ್ನಬಹುದು. ಇದ್ದಾರೆ, ವಿದ್ವಾಂಸರಾಗಿ. ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದ ಹೆಂಗಸಿನ ಪರವಾಗಿ ಮಾತಾಡುವುದು ಬೇರೆ, ಆಕೆಯೇ ಮಾತಾಡುವುದು ಬೇರೆ.

ಈ ತಕರಾರು ಹಳೆಯದು. 65 ತುಂಬಿತೆಂದು ಕೆಲಸ ಬಿಡಿಸಿದ್ದಕ್ಕೆ ಸಿಡಿದೆದ್ದು 1970ರಲ್ಲಿ ‘ಗ್ರೇ ಪ್ಯಾಂಥರ್ಸ್’ ಕಟ್ಟಿದ ಮ್ಯಾಗಿ ಕೂನ್, 1978ರಲ್ಲಿ ಸೊಸೈಟಿಯದೇ ಪತ್ರಿಕೆ ‘ದಿ ಜೆರೊಂಟಾಲಜಿಸ್ಟ್’ನಲ್ಲಿ ಬಹಿರಂಗ ಪತ್ರ ಬರೆದರು. ಮುದುಕರನ್ನು ಬರೀ ಸಂಶೋಧನೆಯ ಸರಕಾಗಿ ನೋಡುವ ವಿದ್ವತ್ತನ್ನು ತರಾಟೆಗೆ ತೆಗೆದುಕೊಂಡರು. ತನ್ನ ಬಳಗವನ್ನೇ ಬೈದ ಪತ್ರವನ್ನು ತಾನೇ ಅಚ್ಚುಹಾಕಿದ್ದು ಸೊಸೈಟಿಯ ದೊಡ್ಡತನ, ಒಪ್ಪೋಣ. ಆದರೆ ಪತ್ರ ಅಚ್ಚಾಗಲು ಸಂಪಾದಕರು ಮನಸ್ಸು ಮಾಡಿದರೆ ಸಾಕು. ಮುದುಕರಿಗೆ ಆಡಳಿತ ಮಂಡಳಿಯಲ್ಲಿ ಕುರ್ಚಿ ಹಾಕಬೇಕೆಂದರೆ ಬೈಲಾ ತಿದ್ದಬೇಕು. ತಿದ್ದುವವರು ಆಗಲೇ ಒಳಗಿರುವವರು.

ಒಳಗಿರುವವರ ಮೇಲೆ ಹೊರಗಿನವರು ಕಣ್ಣಿಡಲು ಲೆಕ್ಕಪತ್ರವಾದರೂ ಇದೆ; ಆ ವಿಷಯದಲ್ಲಿ ಅಮೆರಿಕದ ಪದ್ಧತಿ ಮೇಲು. ಇಂಥ ಸಂಘಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ 990ನೇ ನಮೂನೆಯನ್ನು ಯಾರು ಬೇಕಾದರೂ ಓದಬಹುದು. ಆಡಳಿತ ಮಂಡಳಿಯವರ ಹೆಸರು, ಮುಖ್ಯಾಧಿಕಾರಿಯ ಸಂಬಳ ಎಲ್ಲವೂ ಅದರಲ್ಲಿರುತ್ತವೆ. ಪದಾಧಿಕಾರಿಗಳ ಸ್ವಹಿತಾಸಕ್ತಿಗೆ ತಡೆಯೊಡ್ಡುವ ಲಿಖಿತ ನೀತಿ ಇದೆಯೇ ಎಂಬ ಪ್ರಶ್ನೆಯೂ ಉಂಟು. ತಮಾಷೆಯೆಂದರೆ, ಅಂಥ ನೀತಿ ಇರಲೇಬೇಕೆಂದು ತೆರಿಗೆ ಕಾನೂನು ಹೇಳುವುದಿಲ್ಲ. ಮುದುಕರಿಗೆಂದೇ ಔಷಧಿ, ಲಸಿಕೆ ತಯಾರಿಸುವ ಕಂಪನಿಗಳು ವೃತ್ತಿಸಂಘಗಳ ಸಮ್ಮೇಳನಗಳಿಗೆ ಹಣ ಕೊಡುವ ಕಾಲದಲ್ಲಿ ಇದು ತೀರಾ ತೆಳುವಾದ ಬೇಲಿ.

ಆ ಹಣ ಬಂದಾಗ ‘ಇದರಿಂದ ನನಗೇನು ಪ್ರಯೋಜನ?’ ಎಂದು ನೇರವಾಗಿ ಕೇಳಬಲ್ಲವರು ಮಾತ್ರೆ ನುಂಗುವವರೇ. ಮುಪ್ಪಿನ ಹೆಸರಿನಲ್ಲಿ ನಡೆಯುವ ಯಾವುದೇ ವೃತ್ತಿಸಂಘ ವಿದ್ವಾಂಸರಲ್ಲದ ಹಿರಿಯರಿಗೆ ಆಡಳಿತ ಮಂಡಳಿಯಲ್ಲಿ ಒಂದೆರಡು ಸ್ಥಾನಗಳನ್ನಾದರೂ ಮೀಸಲಿಡಬೇಕು. ಸಲಹಾ ಸಮಿತಿ ಸಾಲದು. ಮತಾಧಿಕಾರವಿರುವ ಸ್ಥಾನವೇ ಬೇಕು.