ಓದು ಯಾರಿಗಾಗಿ?

“ಓದಿ ಎಂತ ಮಾಡೂದ್?” ಎಂಬ ಪ್ರಶ್ನೆ ಕುಂದಾಪುರದ ಕಡೆಯ ಮನೆಗಳಿಗೆ ಹೊಸದಲ್ಲ. ಅದಕ್ಕೆ ದೊರೆಯುವ ಉತ್ತರವೂ ಹಳೆಯದೇ: ಊರು ಬಿಟ್ಟು ಹೋಗಿ ನಾಲ್ಕು ಕಾಸು ಸಂಪಾದಿಸುವುದು. ಈ ಪ್ರಶ್ನೆಯನ್ನು ಒಂದು ಕಾದಂಬರಿಯ ಉದ್ದಕ್ಕೂ ಕೇಳಿದವರು ಕೋಟದ ಶಿವರಾಮ ಕಾರಂತರು. ಅವರ ‘ಮರಳಿ ಮಣ್ಣಿಗೆ’ಯನ್ನು ಈಚೆಗೆ ತರಗತಿಗಾಗಿ ಮತ್ತೊಮ್ಮೆ ಓದುತ್ತಿದ್ದಾಗ, ಜಪಾನಿನ ತೆತ್ಸುಕೊ ಕುರೊಯನಾಗಿ 1981ರಲ್ಲಿ ಪ್ರಕಟಿಸಿದ, ಕನ್ನಡಕ್ಕೂ ಬಂದಿರುವ ‘ತೊತ್ತೊ-ಚಾನ್’ ನನ್ನ ಮೇಜಿನ ಮೇಲಿತ್ತು. ಒಂದು ಮೂರು ತಲೆಮಾರುಗಳ ಕಥೆ, ಇನ್ನೊಂದು ಬಾಲ್ಯದ ನೆನಪು. ಆದರೂ ಎರಡೂ ಒಂದೇ ತಕ್ಕಡಿಯಲ್ಲಿ ಶಾಲೆಯನ್ನು ತೂಗುತ್ತವೆ.

ಹಿನ್ನೆಲೆಯನ್ನು ಮರೆಯಬಾರದು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೆಕಾಲೆಯ 1835ರ ಟಿಪ್ಪಣಿಗೆ ಬೇಕಾಗಿದ್ದುದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ಒಂದು ವರ್ಗ. ಜಪಾನಿನ ಚಕ್ರವರ್ತಿ 1890ರಲ್ಲಿ ಹೊರಡಿಸಿದ ಶಿಕ್ಷಣದ ಆಜ್ಞೆಗೆ ಬೇಕಾಗಿದ್ದುದು ರಾಜನಿಷ್ಠೆ. ಅಲ್ಲಿ ನಿಷ್ಠಾವಂತ ಪ್ರಜೆ, ಇಲ್ಲಿ ಗುಮಾಸ್ತ. ಮಗು ಮಾತ್ರ ಎರಡು ಕಡೆಯೂ ಇನ್ನೊಬ್ಬರ ಉಪಯೋಗಕ್ಕೆ.

ಕಾರಂತರ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಕಲಿಯಲು ಕಳಿಸುವುದರಲ್ಲಿ ವಿದ್ಯೆಯ ಹಂಬಲಕ್ಕಿಂತ ಪ್ರತಿಷ್ಠೆಯ ಹಂಬಲವೇ ಹೆಚ್ಚು. ಲಚ್ಚ ಕಲಿತದ್ದು ಮನೆಯನ್ನು ಬರಿದು ಮಾಡುವ ವಿದ್ಯೆ. ಅವನ ಮಗ ರಾಮ ಮದರಾಸಿನಲ್ಲಿ ಓದಿ, ಚಳವಳಿಗೆ ಧುಮುಕಿ, ಕೆಲಸಕ್ಕಾಗಿ ಮುಂಬಯಿಯವರೆಗೂ ಅಲೆದು, ಕೊನೆಗೆ ಕೋಡಿಯ ಉಪ್ಪುಗಾಳಿಯ ನೆಲಕ್ಕೇ ಮರಳುತ್ತಾನೆ. ಆ ನೆಲವನ್ನು ಅಷ್ಟು ಕಾಲ ಕಾದಿರಿಸಿದವರು ಶಾಲೆಯ ಮೆಟ್ಟಿಲು ಹತ್ತದ ಸರಸೋತಿ, ಪಾರೋತಿಯರು ಎಂಬುದನ್ನು ಓದುಗರು ಬಲ್ಲರು.

ತೊತ್ತೊ-ಚಾನಳನ್ನು ಮೊದಲ ಶಾಲೆ ಹೊರಗೆ ಹಾಕುತ್ತದೆ. ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆದದ್ದೂ ಅವಳ ಅಪರಾಧಗಳಲ್ಲೊಂದು. ಎರಡನೆಯದು ಕೊಬಾಯಾಶಿಯವರು 1937ರಲ್ಲಿ ಟೋಕಿಯೋದಲ್ಲಿ ತೆರೆದ ತೊಮೊಎ. ರೈಲಿನ ಹಳೆಯ ಡಬ್ಬಿಗಳೇ ಅಲ್ಲಿನ ತರಗತಿಗಳು. ಮೊದಲ ದಿನವೇ ಆ ಮುಖ್ಯೋಪಾಧ್ಯಾಯರು ನಾಲ್ಕು ಗಂಟೆಗಳ ಕಾಲ ಹುಡುಗಿಯ ಮಾತಿಗೆ ಕಿವಿಗೊಡುತ್ತಾರೆ. ಬುತ್ತಿಯಲ್ಲಿ ಕಡಲಿನದೊಂದು, ಗುಡ್ಡದ್ದೊಂದು ಇರಬೇಕೆಂಬುದು ಅವರ ನಿಯಮ. ಬೈಂದೂರಿನ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಾಯ ಕಲಿಸಲು ಬಂದ ರೈತನೂ ಅಲ್ಲಿ ಮೇಷ್ಟರೇ. ನಮ್ಮ ರಾಮ ಅಷ್ಟು ಅಲೆದಾಡಿ ಕಂಡುಕೊಂಡದ್ದನ್ನು ತೊಮೊಎ ಏಳು ವರ್ಷದ ಮಗುವಿಗೆ ಗದ್ದೆಯ ಬದುವಿನಲ್ಲೇ ಕೊಟ್ಟಿತು.

ಎರಡು ಕೃತಿಗಳಲ್ಲೂ ಕೊರತೆಯುಂಟು. ಕುರೊಯನಾಗಿಯವರ ಶಾಲೆ ತೀರ ಸಿಹಿ. 1945ರ ಬಾಂಬು ದಾಳಿಯಲ್ಲಿ ಅದು ಸುಟ್ಟುಹೋಗುತ್ತದೆ; ಆದರೆ ಆ ಯುದ್ಧಕ್ಕೆ ಹುರುಪು ತುಂಬಿದ್ದು ಪಕ್ಕದ ಬೀದಿಯ ಇತರ ಶಾಲೆಗಳೇ ಎಂಬ ಕಹಿ ಪುಸ್ತಕದಲ್ಲಿ ಅಷ್ಟಾಗಿ ಕಾಣದು. ಕಾರಂತರಾದರೋ ಲಚ್ಚನ ಪತನದ ಹೊಣೆಯನ್ನು ಪೇಟೆಯ ಸಹವಾಸಕ್ಕೂ ಪಾಠಕ್ಕೂ ಸರಿಯಾಗಿ ಹಂಚಿಕೊಡುವುದಿಲ್ಲ. ಹಾಗೆಂದು ಅವರು ದೂರಿ ಸುಮ್ಮನಾದವರಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸಿದರು, ಅವರಿಗಾಗಿ ‘ಬಾಲಪ್ರಪಂಚ’ ಬರೆದರು.

ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: “ಸರ್, ರಾಮ ಮದರಾಸಿಗೆ ಹೋಗದಿದ್ದರೆ ಮಣ್ಣಿಗೆ ಮರಳುವ ಮಾತೆಲ್ಲಿ?” ನಾನು ಒಡನೆ ಉತ್ತರಿಸಲಾರದೆ ಹೋದೆ. ನಿಜ, ಹೋಗದವನು ಮರಳಲಾರ. ಸರಸೋತಿಗೆ ನೆಲದ ತಿಳಿವಿತ್ತು, ಆಯ್ಕೆಯಿರಲಿಲ್ಲ. ಲಚ್ಚನಿಗೆ ಆಯ್ಕೆಯಿತ್ತು, ತಿಳಿವಿರಲಿಲ್ಲ. ಎರಡೂ ದೊರೆತದ್ದು ರಾಮನಿಗೆ.

ಯುದ್ಧಾನಂತರ, 1947ರಲ್ಲಿ, ಜಪಾನು ವ್ಯಕ್ತಿತ್ವದ ಪೂರ್ಣತೆಯೇ ಶಿಕ್ಷಣದ ಗುರಿಯೆಂದು ಕಾಯಿದೆ ಬರೆಯಿತು. ನಮ್ಮ 1964–66ರ ಕೊಠಾರಿ ಆಯೋಗ ಶಿಕ್ಷಣವನ್ನು ರಾಷ್ಟ್ರದ ಅಭಿವೃದ್ಧಿಗೆ ಜೋಡಿಸಿತು. ಎರಡೂ ಒಪ್ಪತಕ್ಕವೇ. ಆದರೆ ಪ್ರತಿ ವರ್ಷ ಪರೀಕ್ಷೆ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ನನ್ನ ವಿದ್ಯಾರ್ಥಿಗಳಿಗೆ ನಾವು ಹೋಗುವ ದಾರಿಯನ್ನು ಮಾತ್ರ ಕಲಿಸಿದ್ದೇವೆ. ಮರಳುವ ದಾರಿಯೂ ಒಂದು ಪಾಠವೆಂದು ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದವರಿಗೆ ಅನಿಸದಿರದು.